ಸಾರು ಮೊದಲು, ಖಾರ ಆಮೇಲೆ

ಮಲೇಷ್ಯಾದ ಪೆನಾಂಗ್ ದ್ವೀಪದ ಜನ ಬೆಳಗ್ಗೆ ಏಳಕ್ಕೇ ತೆಂಗಿನಹಾಲಿನ ಸಾರು ಕುಡಿಯುತ್ತಾರೆ. ನೀರುದೋಸೆ, ಅವಲಕ್ಕಿಯಲ್ಲಿ ದಿನ ಶುರುಮಾಡಿ ಬೆಳೆದ ನನ್ನಂಥ ಕರಾವಳಿಯವನಿಗೆ ಆ ಹೊತ್ತಿನಲ್ಲಿ ಅಷ್ಟು ಮಸಾಲೆಯ ಪದಾರ್ಥ ಕಣ್ಣಿಗೆ ಬೀಳುವುದೇ ಹೊಸತು. ಬೋಗುಣಿಯ ತಳದಲ್ಲಿ ಹಳದಿ ನೂಡಲ್ಸ್, ಜತೆಗೆ ಎಳೆಯೆಳೆಯಾದ ಬಿಳಿ ಅಕ್ಕಿಶಾವಿಗೆ, ಸಿಗಡಿ, ಬೊಂಡಾಸಿನ ಚೂರು, ಚಿಪ್ಪಿನ ಮಾಂಸ, ಎಣ್ಣೆಯಲ್ಲಿ ಉಬ್ಬಿಸಿದ ತೋಫು. ಮೇಲಿನಿಂದ ಸುರಿದ ಹಾಲುಬಣ್ಣದ ಸಾರು. ಅಂಚಿನಲ್ಲಿ ಒಂದು ಚಮಚ ಕಡುಗೆಂಪು ಮೆಣಸಿನ ಗೊಜ್ಜು. ಇದೇ ಕರಿ ಮೀ.

ಇದನ್ನು ತಿಂದುಬಂದ ಪ್ರವಾಸಿಗಳು ಹೆಚ್ಚಾಗಿ ಖಾರದ ಬಗ್ಗೆಯೇ ಮಾತಾಡುತ್ತಾರೆ. ಕಣ್ಣಲ್ಲಿ ನೀರು ಬಂತು, ಮೂಗು ಸೋರಿತು, ಅಂಗಿ ಒದ್ದೆಯಾಯಿತು ಎಂದು ವರ್ಣಿಸುತ್ತಾರೆ. ಕೇಳಿದಾಗೆಲ್ಲ ನನಗೆ ಇದು ಆ ಅಡುಗೆಗೆ ಮಾಡುವ ಅನ್ಯಾಯ ಅನಿಸುತ್ತದೆ. ಪೆನಾಂಗ್‌ನ ಕರಿ ಮೀಯಲ್ಲಿ ಖಾರ ಇರುವುದು ತಿನ್ನುವವನ ಚಮಚದಲ್ಲಿ. ಮಾಡುವವಳ ಬದುಕು ಇರುವುದು ಸಾರಿನಲ್ಲಿ. ನನಗೆ ಇದು ತಿಳಿದದ್ದು ಒಬ್ಬ ಹೆಂಗಸಿನ ಒಲೆಯ ಮುಂದೆ ಕೂತು, ಅದೂ ನಿಧಾನವಾಗಿ.

1999ರ ನಡುವಿನಲ್ಲಿ ನಾನು ಕೆಲಸದ ಮೇಲೆ ಪೆನಾಂಗ್‌ಗೆ ಹೋದೆ. ದ್ವೀಪದ ಆಗ್ನೇಯ ಮೂಲೆಯ ಬಯಾನ್ ಲೆಪಾಸ್‌ನಲ್ಲಿ 1972ರಿಂದ ಬೆಳೆದ ದೊಡ್ಡ ಕೈಗಾರಿಕಾ ವಲಯವಿದೆ. ಇಂಟೆಲ್ ಕಂಪನಿ ಅಮೆರಿಕದ ಹೊರಗೆ ತನ್ನ ಮೊದಲ ಘಟಕ ತೆರೆದದ್ದು ಅಲ್ಲಿಯೇ. ನಾನು ಸೇರಿದ್ದು ಅದೇ ವಲಯದ ಒಂದು ಸಣ್ಣ ಕಂಪನಿಯನ್ನು. ಏಷ್ಯಾದ ಆರ್ಥಿಕ ಬಿಕ್ಕಟ್ಟಿನ ಬಿಸಿ ಇನ್ನೂ ಆರಿರಲಿಲ್ಲ. ಹಿಂದಿನ ವರ್ಷದ ಸೆಪ್ಟೆಂಬರ್‌ನಲ್ಲಿ ಸರ್ಕಾರ ಒಂದು ಡಾಲರಿಗೆ 3.80 ರಿಂಗಿಟ್ ಎಂದು ಬೆಲೆಯನ್ನು ಕಟ್ಟಿಹಾಕಿತ್ತು. ಜನ ಕೈ ಬಿಗಿಹಿಡಿದು ಬದುಕುತ್ತಿದ್ದರು. ಆದರೂ ಬೀದಿಬದಿಯ ಊಟ ಅಗ್ಗವಾಗಿತ್ತು. ಎರಡು ಮೂರು ರಿಂಗಿಟ್‌ಗೆ ಹೊಟ್ಟೆ ತುಂಬುತ್ತಿತ್ತು. ಅದು ಹೇಗೆ ಸಾಧ್ಯ ಎಂದು ಯೋಚಿಸುವ ಗೋಜಿಗೆ ಆಗ ಹೋಗಲಿಲ್ಲ. ಉತ್ತರ ಕೆಲವೇ ತಿಂಗಳಲ್ಲಿ ತಾನಾಗಿ ಎದುರಿಗೆ ಬಂತು. ಆ ಮಾತು ಮುಂದೆ ಹೇಳುತ್ತೇನೆ.

ನನ್ನನ್ನು ಮೊದಲು ಆ ಅಂಗಡಿಗೆ ಕರೆದುಕೊಂಡು ಹೋದದ್ದು ಹೊಕ್ಕಿಯನ್ ಮಾತಾಡುವ ಒಬ್ಬ ಸಹೋದ್ಯೋಗಿ. ದ್ವೀಪದ ಮುಖ್ಯ ಪಟ್ಟಣವಾದ ಜಾರ್ಜ್‌ಟೌನಿನ ಹಳೆಯ ಬೀದಿಯೊಂದರ ಮೂಲೆಮನೆಯ ಕೆಳ ಅಂತಸ್ತಿನಲ್ಲಿದ್ದ ಕೊಪಿತಿಯಾಮ್ ಅದು, ಅಂದರೆ ಕಾಫಿ ಅಂಗಡಿ. ಹೆಸರಿಗೆ ಕಾಫಿ ಅಂಗಡಿಯಾದರೂ ಅದರ ವ್ಯವಸ್ಥೆಯೇ ಬೇರೆ. ಮಾಲೀಕ ಮಾರುವುದು ಕಾಫಿ, ಚಹಾ, ತಂಪು ಪಾನೀಯ ಮಾತ್ರ. ಅಂಗಡಿಯ ಮುಂಭಾಗದಲ್ಲಿ ಬೇರೆಬೇರೆಯವರು ತಮ್ಮ ತಳ್ಳುಗಾಡಿ ನಿಲ್ಲಿಸಿ, ಮಾಲೀಕನಿಗೆ ಬಾಡಿಗೆ ಕೊಟ್ಟು, ತಲಾ ಒಂದೊಂದೇ ತಿಂಡಿ ಮಾಡುತ್ತಾರೆ. ಒಬ್ಬನದು ಹುರಿದ ನೂಡಲ್ಸ್ ಆದರೆ ಇನ್ನೊಬ್ಬನದು ಗಂಜಿ, ಮತ್ತೊಬ್ಬಳದು ಕರಿ ಮೀ. ಗಿರಾಕಿ ಮೇಜು ಹಿಡಿದು, ಯಾವ ಗಾಡಿಯಿಂದ ಏನು ಬೇಕೋ ಹೇಳಿ, ಕುಡಿಯಲು ಮಾತ್ರ ಮಾಲೀಕನಿಂದ ಏನಾದರೂ ತೆಗೆದುಕೊಳ್ಳಬೇಕು. ಕಾಫಿಬೀಜವನ್ನು ಸಕ್ಕರೆ, ಮಾರ್ಗರೀನ್ ಹಾಕಿ ಕಪ್ಪಾಗುವವರೆಗೆ ಹುರಿದು, ಬಟ್ಟೆಚೀಲದಲ್ಲಿ ಸೋಸಿ, ಮಂದಗೊಳಿಸಿದ ಹಾಲು ಬೆರೆಸಿ ಕೊಡುವ ಆ ಕಾಫಿಗೆ ನಮ್ಮ ಫಿಲ್ಟರ್ ಕಾಫಿಯ ಪರಿಮಳವಿಲ್ಲ, ನಿಜ. ಆದರೆ ಖಾರದ ಬಾಯಿಗೆ ಅದರಷ್ಟು ಹಿತವಾದದ್ದು ಬೇರೆ ಇಲ್ಲ.

ಒಬ್ಬರಿಗೆ ಒಂದೇ ತಿಂಡಿ. ನನಗೆ ಇದರಷ್ಟು ದೊಡ್ಡದಾಗಿ ಕಂಡ ಸಂಗತಿ ಅಲ್ಲಿ ಬೇರೊಂದಿಲ್ಲ. ನಮ್ಮ ಹೋಟೆಲುಗಳಲ್ಲಿ ಒಂದೇ ಅಡುಗೆಮನೆಯಿಂದ ಐವತ್ತು ಬಗೆ ಹೊರಬರಬೇಕು. ಅಲ್ಲಿ ಒಬ್ಬ ಹೆಂಗಸು ಮೂವತ್ತು ನಲವತ್ತು ವರ್ಷ ದಿನವೂ ಒಂದೇ ಸಾರು ಕುದಿಸುತ್ತಾಳೆ. ಅದರ ಆಚೆಗೆ ಆಕೆ ಮಾರುವಂಥದ್ದು ಇನ್ನೇನೂ ಇಲ್ಲ. ಆ ಸಾರು ಕೆಟ್ಟ ದಿನ ಮುಖ ಮುಚ್ಚಿಕೊಳ್ಳಲು ಆಕೆಗೆ ಇನ್ನೊಂದು ಪಾತ್ರೆಯಿಲ್ಲ.

ನಮ್ಮ ಕೊಪಿತಿಯಾಮಿನಲ್ಲಿ ಕರಿ ಮೀ ಮಾಡುತ್ತಿದ್ದ ಆಂಟಿಗೆ ಆಗಲೇ ಐವತ್ತು ದಾಟಿತ್ತು. ಎಲ್ಲರೂ ಆಂಟಿ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಗಾಡಿಯಲ್ಲಿ ಎರಡು ಪಾತ್ರೆ. ಒಂದರಲ್ಲಿ ಬರೀ ನೀರು ಕುದಿಯುತ್ತಿತ್ತು, ಇನ್ನೊಂದರಲ್ಲಿ ಸಾರು. ಕೆಳಗೆ ಇದ್ದಿಲ ಒಲೆ. ಯಾರಾದರೂ ಕೇಳಿದ ಕೂಡಲೇ ಒಂದು ಹಿಡಿ ನೂಡಲ್ಸ್ ತಂತಿಜಾಲರಿಗೆ ಹಾಕಿ ಕುದಿನೀರಿಗೆ ಇಳಿಸುವಳು, ಎತ್ತುವಳು, ಕೊಡಹುವಳು, ಮತ್ತೆ ಇಳಿಸುವಳು. ಹಳದಿ ನೂಡಲ್ಸ್‌ನ ಹಿಟ್ಟಿಗೆ ಕ್ಷಾರದ ನೀರು ಬೆರೆಸಿರುತ್ತಾರೆ. ಅದರಿಂದಲೇ ಆ ಬಣ್ಣ, ಹಲ್ಲಿಗೆ ಸಿಕ್ಕರೆ ಪುಟಿಯುವ ಆ ಬಿಗಿ. ಆದರೆ ಕ್ಷಾರದ ವಾಸನೆ ಹೋಗದಿದ್ದರೆ ಇಡೀ ಸಾರು ಕೆಡುತ್ತದೆ. ಹಾಗಾಗಿ ಈ ಮುಳುಗಿಸಿ ಎತ್ತುವ ಕೆಲಸದಲ್ಲಿ ಅವಸರ ಸಲ್ಲದು. ಆಮೇಲೆ ನೂಡಲ್ಸ್ ಬೋಗುಣಿಗೆ ಬಿದ್ದ ಮೇಲೂ ಆಕೆ ಒಮ್ಮೆಲೇ ಸಾರು ಹಾಕಿ ಕೊಡುತ್ತಿರಲಿಲ್ಲ. ಒಂದು ಸೌಟು ಬಿಸಿ ಸಾರು ಸುರಿದು, ನೂಡಲ್ಸ್ ಜಾರದಂತೆ ಸೌಟಿನ ಬೆನ್ನಿನಿಂದ ತಡೆದು, ಆ ಸಾರನ್ನು ಮರಳಿ ಪಾತ್ರೆಗೇ ಬಸಿಯುವಳು. ಮತ್ತೆ ಸುರಿದು ಮತ್ತೆ ಬಸಿಯುವಳು. ಬೋಗುಣಿಯೂ ನೂಡಲ್ಸೂ ಒಂದೇ ಬಿಸಿಗೆ ಬಂದ ಮೇಲಷ್ಟೇ ಕೊನೆಯ ಸೌಟು. ಹತ್ತು ಜನ ಕಾಯುತ್ತಿದ್ದರೂ ಈ ಕ್ರಮ ತಪ್ಪಿದ್ದನ್ನು ನಾನು ಕಾಣಲಿಲ್ಲ.

ನೂಡಲ್ಸ್ ಇಷ್ಟಾದರೆ, ಸಾರಿನ ಕತೆ ಹಿಂದಿನ ದಿನವೇ ಆರಂಭವಾಗಿರುತ್ತದೆ. ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಮಜ್ಜಿಗೆಹುಲ್ಲಿನ ಬುಡ, ಲೆಂಗ್‌ಕುವಾಸ್ ಎನ್ನುವ ಶುಂಠಿ ಜಾತಿಯ ಗೆಡ್ಡೆ, ಹಸಿ ಅರಸಿನ, ಕೊತ್ತಂಬರಿ, ನೆನೆಸಿದ ಒಣಮೆಣಸು, ಬುವಾ ಕೆರಾಸ್ ಎಂಬ ಎಣ್ಣೆಬೀಜ, ಇವೆಲ್ಲದರ ಜತೆ ಒಂದು ತುಂಡು ಬೆಲಾಚಾನ್. ಕೂದಲೆಳೆಯಷ್ಟು ಸಣ್ಣ ಸಿಗಡಿಯನ್ನು ಉಪ್ಪು ಹಾಕಿ ಹುದುಗಿಸಿ, ಅರೆದು, ಬಿಸಿಲಿಗೆ ಒಣಗಿಸಿ ಅಚ್ಚು ಕಟ್ಟಿದ್ದು ಬೆಲಾಚಾನ್. ಅದನ್ನು ಕೆಂಡದ ಮೇಲೆ ಸುಟ್ಟಾಗ ಬರುವ ವಾಸನೆಗೆ ಎಷ್ಟೋ ಮಂದಿ ಮೂಗು ಮುಚ್ಚುತ್ತಾರೆ. ಒಣಸಿಗಡಿ ಚಟ್ನಿಯ ಮನೆಯಲ್ಲಿ ಹುಟ್ಟಿದ ನನಗೆ ಅದು ಹಸಿವೆ ಕೆರಳಿಸುವ ವಾಸನೆ. ಎಲ್ಲವನ್ನೂ ನುಣ್ಣಗೆ ಅರೆದರೆ ರೆಂಪಾ, ಅಂದರೆ ಅರೆದ ಮಸಾಲೆ, ಸಿದ್ಧ. ಮುಂದೆ ಅದನ್ನು ಸಣ್ಣ ಉರಿಯಲ್ಲಿ ಎಣ್ಣೆ ಬಿಡುವ ತನಕ ಹುರಿಯಬೇಕು. ನನ್ನ ಅಮ್ಮ ಕೋಳಿ ಗಸಿಗೆ ಮಸಾಲೆ ಬಾಡಿಸುವಾಗ ನೋಡುತ್ತಿದ್ದ ಗುರುತೂ ಅದೇ, ಆಂಟಿ ನೋಡುತ್ತಿದ್ದ ಗುರುತೂ ಅದೇ: ಬಾಣಲೆಯ ಅಂಚಿನಲ್ಲಿ ಎಣ್ಣೆ ಬೇರೆಯಾಗಿ ನಿಲ್ಲಬೇಕು. ಅದಕ್ಕೆ ಮೊದಲು ನೀರು ಬಿದ್ದರೆ ಮಸಾಲೆಯ ಹಸಿತನ ಕೊನೆಯವರೆಗೂ ಬಿಡುವುದಿಲ್ಲ.

ಬಳಿಕ ತೆಂಗಿನಹಾಲು. ಮಲಯಾ ಭಾಷೆಯಲ್ಲಿ ಸಾಂತಾನ್. ಎರಡನೆಯ ಹಿಂಡಿನ ತೆಳುಹಾಲಿನಲ್ಲಿ ಸಾರು ಕುದಿಯುತ್ತದೆ, ಮೊದಲ ಹಿಂಡಿನ ಗಟ್ಟಿಹಾಲು ಕೊನೆಗೆ ಬೀಳುತ್ತದೆ. ಆಮೇಲೆ ಉರಿ ಜೋರಾದರೆ ಹಾಲು ಒಡೆದು ಎಣ್ಣೆ ಮೇಲೇಳುತ್ತದೆ, ಸಾರು ಬಾಯಿಗೆ ಒರಟಾಗುತ್ತದೆ. ಆದ್ದರಿಂದಲೇ ಇದ್ದಿಲ ಒಲೆ. ಬೂದಿ ಮುಚ್ಚಿದರೆ ಉರಿ ತಗ್ಗುತ್ತದೆ, ಬೀಸಣಿಗೆ ಆಡಿಸಿದರೆ ಏರುತ್ತದೆ. ಬೆಳಗ್ಗೆ ಆರರಿಂದ ಹನ್ನೊಂದರವರೆಗೆ ಆ ಪಾತ್ರೆಯ ಸಾರು ಕುದಿಯಿತು ಎಂದೂ ಹೇಳಲಾಗದು, ಆರಿತು ಎಂದೂ ಹೇಳಲಾಗದು. ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತಿರಬೇಕು, ಅಷ್ಟೇ.

ಖಾರ ಎಲ್ಲಿ ಎಂದು ನೀವು ಕೇಳಬಹುದು. ಸಾರಿನಲ್ಲಿರುವುದು ಹೆಸರಿಗಷ್ಟು ಮೆಣಸು. ನಿಜವಾದ ಖಾರ ಬೇರೆ ಬಟ್ಟಲಲ್ಲಿದೆ. ಒಣಮೆಣಸನ್ನು ಬೆಳ್ಳುಳ್ಳಿ, ಈರುಳ್ಳಿ, ಒಣಸಿಗಡಿಯ ಜತೆ ಅರೆದು, ಗಂಟೆಗಟ್ಟಲೆ ಎಣ್ಣೆಯಲ್ಲಿ ಹುರಿದು, ಬಹುತೇಕ ಕಪ್ಪಾಗುವ ಹೊತ್ತಿಗೆ ಇಳಿಸಿದ ಗೊಜ್ಜು. ಕೆಲವರು ಅದನ್ನು ಬೋಗುಣಿಯ ಅಂಚಿಗೆ ಹಚ್ಚಿಕೊಡುತ್ತಾರೆ, ಕೆಲವರು ಮೇಜಿನ ಮೇಲೆಯೇ ಇಟ್ಟುಬಿಡುತ್ತಾರೆ. ಎಷ್ಟು ಕಲಸಬೇಕೆಂಬುದು ತಿನ್ನುವವನ ಇಷ್ಟ. ಪೆನಾಂಗ್‌ನವರು ತಮ್ಮ ಕರಿ ಮೀಯನ್ನು ಬಿಳಿ ಕರಿ ಮೀ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವುದು ಇದಕ್ಕೇ.

ಬ್ಯಾಡಗಿ ಮೆಣಸಿನ ಮೇಲೆ ಬೆಳೆದ ನಾಲಿಗೆ ನನ್ನದು. ಹೋದ ಮೊದಲ ದಿನ ಗೊಜ್ಜಿನ ಬಟ್ಟಲಿಗೆ ಕೈಹಾಕಿದೆ. ಆಂಟಿ ನನ್ನ ಕೈ ತಡೆದಳು. ಕೈಯಲ್ಲಿದ್ದ ಚಮಚವನ್ನೇ ಸಾರಿಗೆ ಅದ್ದಿ ನನ್ನ ಮುಂದೆ ಹಿಡಿದು, ಮೊದಲು ಇದನ್ನು ಕುಡಿ ಎಂಬಂತೆ ಗಲ್ಲ ಎತ್ತಿದಳು. ನಮ್ಮಿಬ್ಬರ ನಡುವೆ ಪೂರ್ತಿ ಅರ್ಥವಾಗುವ ಭಾಷೆ ಯಾವುದೂ ಇರಲಿಲ್ಲ. ಆಕೆಯ ಮುರುಕು ಇಂಗ್ಲಿಷು, ನನ್ನ ಹೊಸ ಮಲಯಾ ಪದಗಳು, ಅಷ್ಟೇ. ನಾನು ಕುಡಿದೆ. ಮೊದಲಿಗೆ ತೆಂಗಿನ ಸಿಹಿ, ಅದರ ಹಿಂದೆ ಮಜ್ಜಿಗೆಹುಲ್ಲಿನ ಕಂಪು, ತೀರ ಕೊನೆಯಲ್ಲಿ ಗಂಟಲಿನ ಬುಡದಲ್ಲಿ ಬೆಲಾಚಾನಿನ ಉಪ್ಪು. ನಮ್ಮೂರಿನಲ್ಲಿ ಒತ್ತುಶಾವಿಗೆಗೆ ಕಾಯಿಹಾಲು ಸುರಿದುಕೊಂಡು ತಿನ್ನುತ್ತೇವಲ್ಲ, ಬೆಲ್ಲ, ಏಲಕ್ಕಿ ಹಾಕಿದ ಕಾಯಿಹಾಲು. ಅದೇ ಶಾವಿಗೆ, ಅದೇ ಹಾಲು, ಸಮುದ್ರ ದಾಟಿ ಸಿಹಿಯ ದಾರಿ ಬಿಟ್ಟು ಖಾರದ ದಾರಿ ಹಿಡಿದಿದೆ ಅನಿಸಿತು. ಆ ಮೇಲೆ ಗೊಜ್ಜು ಕಲಸಿದಾಗ ಖಾರ ನಾಲಿಗೆಗೆ ತಗುಲಿದ್ದು ಇಷ್ಟೆಲ್ಲದರ ಮೇಲೆ ನಿಂತು. ಬರೀ ಖಾರವಾಗಿದ್ದರೆ ಎರಡನೆಯ ತುತ್ತಿಗೆ ಬೇಸರ ಬರುತ್ತಿತ್ತು.

ಉಬ್ಬಿದ ತೋಫುವಿನ ಬಗ್ಗೆ ಒಂದು ಮಾತು. ಅದು ಒಳಗೆ ಪೂರಾ ಪೊಳ್ಳು, ಸಾರನ್ನೆಲ್ಲ ಹೀರಿಕೊಂಡಿರುತ್ತದೆ. ಕಚ್ಚಿದರೆ ಬಿಸಿ ಸಾರು ಚಿಮ್ಮುತ್ತದೆ. ಊದಿ ಊದಿ, ಅಂಚಿನಿಂದ ಸ್ವಲ್ಪವೇ ಕಚ್ಚಿ ತಿನ್ನಬೇಕು. ನನ್ನ ಮಟ್ಟಿಗೆ ಕರಿ ಮೀಯಲ್ಲಿ ಅತಿ ರುಚಿಯಾದ ಭಾಗ ಅದೇ.

ಈ ಬೋಗುಣಿಯೊಳಗೆ ಯಾರು ಯಾರು ಬಂದು ಸೇರಿದ್ದಾರೆ ಎಂದು ನೋಡಿದರೆ ಮಲೇಷ್ಯಾದ ಚರಿತ್ರೆ ಕಾಣುತ್ತದೆ. 1786ರಲ್ಲಿ ಫ್ರಾನ್ಸಿಸ್ ಲೈಟ್ ಪೆನಾಂಗ್‌ನಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಬಂದರು ತೆರೆದ ಮೇಲೆ ದಕ್ಷಿಣ ಚೀನಾದ ಜನ ಬಂದರು, ಕೋರಮಂಡಲ ತೀರದಿಂದ ಚೂಲಿಯಾ ಎಂದು ಕರೆಸಿಕೊಳ್ಳುತ್ತಿದ್ದ ತಮಿಳು ಮುಸ್ಲಿಂ ವರ್ತಕರು ಬಂದರು. ಪೆನಾಂಗ್‌ನ ಕಪಿತಾನ್ ಕೆಲಿಂಗ್ ಮಸೀದಿ 1801ರದು, ಕ್ವೀನ್ ಸ್ಟ್ರೀಟಿನ ಮಾರಿಯಮ್ಮನ ಗುಡಿ 1833ರದು. ನೂಡಲ್ಸ್, ತೋಫು ಚೀನಾದವರ ಕೈಯದು. ಕೊತ್ತಂಬರಿ, ಅರಸಿನ ಕೂಡಿಸಿ ಮಸಾಲೆ ಅರೆಯುವ ರೀತಿಯಲ್ಲಿ ತಮಿಳರ ಕೈ ಇದೆ. ಬೆಲಾಚಾನ್, ಮಜ್ಜಿಗೆಹುಲ್ಲು, ಸಾಂತಾನ್ ಮಲಯಾ ಮನೆಯವು. ಮೆಣಸಿನಕಾಯಿಯೋ, ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ತೀರಗಳಿಗೆ ಬಂದದ್ದು. ಅಫೊನ್ಸೊ ಡಿ ಅಲ್ಬುಕರ್ಕ್ 1510ರಲ್ಲಿ ಗೋವೆಯನ್ನೂ ಮರುವರ್ಷವೇ ಮಲಾಕ್ಕಾವನ್ನೂ ಹಿಡಿದ. ನನ್ನೂರಿನ ಗಸಿಗೂ ಆಂಟಿಯ ಗೊಜ್ಜಿಗೂ ಕೆಂಪು ಬಣ್ಣ ಕೊಟ್ಟ ಹಾದಿ ಒಂದೇ ಎಂದು ತಿಳಿದಾಗ ಆ ಬೋಗುಣಿಯ ಮೇಲೆ ನನಗೆ ಮೊದಲಿಗಿಂತ ಹೆಚ್ಚು ಹಕ್ಕು ಬಂದಂತಾಯಿತು.

ಎಲ್ಲರೂ ಅದನ್ನು ತಿನ್ನುವುದಿಲ್ಲ ಎಂಬುದನ್ನೂ ಹೇಳಬೇಕು. ಚೀನೀಯರ ಕರಿ ಮೀಯಲ್ಲಿ ಹೆಪ್ಪುಗಟ್ಟಿಸಿದ ಹಂದಿರಕ್ತದ ತುಂಡುಗಳಿರುತ್ತವೆ. ಹಾಗಾಗಿ ಮಲಯಾ ಮುಸ್ಲಿಮರು ಆ ಗಾಡಿಗೆ ಬರುವುದಿಲ್ಲ. ಅವರು ತಮ್ಮದೇ ಅಂಗಡಿಗಳಲ್ಲಿ ಕೋಳಿಯದೋ ದನದ ಮಾಂಸದ್ದೋ ಮೀ ಕರಿ ತಿನ್ನುತ್ತಾರೆ. ಮೂರು ಜನಾಂಗದ ರುಚಿ ಕೂಡಿದ ಬೋಗುಣಿಯ ಮುಂದೆ ಮೂವರೂ ಒಟ್ಟಿಗೆ ಕೂರಲಾರರು. ನಾನು ಹೋದ ವರ್ಷ ಆ ರಕ್ತದ ತುಂಡು ಬೇಡವೆನ್ನುವವರು ಚೀನೀಯರಲ್ಲೂ ಬಹಳ ಇದ್ದರು. ಹಿಂದಿನ ಸೆಪ್ಟೆಂಬರಿನಿಂದ ಹಂದಿಸಾಕಣೆಯ ಹಳ್ಳಿಗಳಲ್ಲಿ ಹರಡಿದ ಹೊಸ ರೋಗವೊಂದು ನೂರಕ್ಕೂ ಹೆಚ್ಚು ಜನರನ್ನು ಕೊಂದಿತ್ತು. ಸರ್ಕಾರ ಹತ್ತು ಲಕ್ಷದಷ್ಟು ಹಂದಿಗಳನ್ನು ಕೊಲ್ಲಿಸಿತ್ತು. ಸುಂಗೈ ನಿಪಾ ಎಂಬ ಹಳ್ಳಿಯಿಂದ ಆ ವೈರಸ್ಸಿಗೆ ನಿಪಾ ಎಂಬ ಹೆಸರು ಬಂತು. 2018ರಲ್ಲಿ ಕೋಯಿಕ್ಕೋಡಿನಿಂದ ಅದೇ ಹೆಸರು ಕೇಳಿಬಂದು ಮಂಗಳೂರಿನವರೆಗೂ ಭಯ ಹಬ್ಬಿದಾಗ, ನನ್ನ ಕಣ್ಣ ಮುಂದೆ ಬಂದದ್ದು ಆಂಟಿಯ ಗಾಡಿಯ ಮುಂದಿನ ಖಾಲಿ ಮೇಜುಗಳು. ಆಕೆ ರಕ್ತದ ತುಂಡು ಹಾಕುವುದನ್ನು ಆ ತಿಂಗಳುಗಳಲ್ಲಿ ನಿಲ್ಲಿಸಿಬಿಟ್ಟಿದ್ದಳು. ಬದಲಿಗೆ ಎರಡು ಚಿಪ್ಪು ಹೆಚ್ಚು.

ಆ ಚಿಪ್ಪು ಮತ್ತು ಆ ಇದ್ದಿಲು ನನ್ನನ್ನು ಒಂದು ಭಾನುವಾರ ಪೆರಾಕ್ ರಾಜ್ಯದ ಕ್ವಾಲಾ ಸೆಪೆತಾಂಗ್‌ಗೆ ಎಳೆದುಕೊಂಡು ಹೋದವು. ಕೆಸರು ಅಳಿವೆಯ ಬಾಯಲ್ಲಿರುವ ಮೀನುಗಾರರ ಊರು. ಬ್ರಿಟಿಷರ ಕಾಲದಲ್ಲಿ ಪೋರ್ಟ್ ವೆಲ್ಡ್ ಎಂಬ ಹೆಸರಿತ್ತು. ಮಲಯಾದ ಮೊದಲ ರೈಲು 1885ರಲ್ಲಿ ತೈಪಿಂಗ್‌ನಿಂದ ಅಲ್ಲಿಗೇ ಓಡಿದ್ದು. ಈಗ ಹಳಿಯಿಲ್ಲ. ಇರುವುದು ಮಾತಾಂಗ್ ಕಾಂಡ್ಲಾ ಕಾಡು, ಸುಮಾರು 40,000 ಹೆಕ್ಟೇರು. 1902ರಷ್ಟು ಹಿಂದೆಯೇ ಕಾಯ್ದಿರಿಸಿದ ಈ ಕಾಡನ್ನು ಮೂವತ್ತು ವರ್ಷದ ಸರದಿಯಲ್ಲಿ ಕಡಿದು, ನೆಟ್ಟು, ಬೆಳೆಯಲು ಬಿಡುತ್ತಾರೆ. ಕಡಿದ ಬಕಾವ್ ಮರವನ್ನು ದೋಣಿಯಲ್ಲಿ ತಂದು, ತೊಗಟೆ ಸುಲಿದು, ಇಟ್ಟಿಗೆಯ ಗುಮ್ಮಟದಂಥ ಗೂಡಿನಲ್ಲಿ ವಾರಗಟ್ಟಲೆ ಬೇಯಿಸುತ್ತಾರೆ. ಒಳಗೆ ಬೆಂಕಿ ನೇರ ಮುಟ್ಟುವುದಿಲ್ಲ. ಬಿಸಿಗಾಳಿಗೇ ಮರ ತನ್ನ ನೀರು ಬಿಟ್ಟು ಇದ್ದಿಲಾಗುತ್ತದೆ. ಗೂಡಿನಿಂದ ಬರುವ ಹೊಗೆಯ ವಾಸನೆ ನೋಡಿಯೇ ಮರ ಎಷ್ಟು ಬೆಂದಿದೆ ಎಂದು ಹೇಳುವ ಮುದುಕರು ಅಲ್ಲಿದ್ದರು. ತಟ್ಟಿದರೆ ಗಾಜಿನಂತೆ ದನಿ ಮಾಡುವ ಆ ಇದ್ದಿಲು ಹೆಚ್ಚು ಹೊಗೆ ಬಿಡದೆ ಬಹಳ ಹೊತ್ತು ಉರಿಯುತ್ತದೆ.

ಅದೇ ಕಾಡಿನ ಬೇರಿನ ಆಚೆ, ಇಳಿತದಲ್ಲಿ ತೆರೆದುಕೊಳ್ಳುವ ಕೆಸರಿನಲ್ಲಿ ಚಿಪ್ಪಿನ ಬೇಸಾಯ. ಸಮುದ್ರ ತಾನಾಗಿ ಬಿತ್ತಿದ ಎಳೆಚಿಪ್ಪನ್ನು ಒಂದೆಡೆಯಿಂದ ಆಯ್ದು, ತಮ್ಮ ಪಾಲಿನ ಕೆಸರಿಗೆ ಚೆಲ್ಲಿ, ಬೆಳೆದ ಮೇಲೆ ಉದ್ದ ಹಿಡಿಯ ತಂತಿಬುಟ್ಟಿಯಿಂದ ಬಾಚಿ ತೆಗೆಯುತ್ತಾರೆ. ಈ ಚಿಪ್ಪಿನ ಮಾಂಸದಲ್ಲಿ ನಮ್ಮ ರಕ್ತದಲ್ಲಿರುವ ಹಿಮೊಗ್ಲೋಬಿನ್ನೇ ಇರುವುದರಿಂದ ಬಿಡಿಸಿದರೆ ಕೆಂಪು ರಸ ಸೋರುತ್ತದೆ. ಕುದಿನೀರಿಗೆ ಕ್ಷಣ ಹೊತ್ತು ತೋರಿಸಿ ತೆಗೆದರೆ ಮೆದು, ತಡವಾದರೆ ರಬ್ಬರು. ನಮ್ಮ ಮರುವಾಯಿಯನ್ನು ಸುಕ್ಕ ಮಾಡಿ ಚೆನ್ನಾಗಿ ಬೇಯಿಸಿ ತಿಂದವನಿಗೆ ಅರೆಬೆಂದ ಚಿಪ್ಪು ಒಗ್ಗಲು ಕೆಲಕಾಲ ಬೇಕಾಯಿತು. ಒಗ್ಗಿದ ಮೇಲೆ ಬೇರೆ ಥರ ಬೇಯಿಸಿದ್ದು ರುಚಿಸಲಿಲ್ಲ. ಆಂಟಿಯ ಒಲೆಯ ಕೆಂಡವೂ ಬೋಗುಣಿಯ ಚಿಪ್ಪೂ ಒಂದೇ ಕೆಸರಿನ ಮಕ್ಕಳು ಎಂದು ಕಣ್ಣಾರೆ ಕಂಡು ಬಂದೆ. ಆ ಕೆಸರು ಈಗ ಮೊದಲಿನಂತಿಲ್ಲ. ಚಿಪ್ಪಿನ ಇಳುವರಿ ಬಹಳ ಕುಸಿದಿದೆ, ಬೆಲೆ ಏರಿದೆ. ಎಷ್ಟೋ ಗಾಡಿಗಳಲ್ಲಿ ಈಗ ಚಿಪ್ಪು ಬೇಕಾದರೆ ಬೇರೆಯಾಗಿ ಹಣ ಕೊಡಬೇಕು.

ಅಗ್ಗದ ಊಟದ ಗುಟ್ಟು ಹೇಳುತ್ತೇನೆ ಎಂದಿದ್ದೆ. ಜಾರ್ಜ್‌ಟೌನಿನ ಹಳೆಯ ಮನೆ ಅಂಗಡಿಗಳ ಬಾಡಿಗೆಯನ್ನು ಸರ್ಕಾರ ಬಹಳ ಕಾಲದಿಂದ ಹಿಡಿದಿಟ್ಟಿತ್ತು. 1966ರ ಕಾಯ್ದೆಯ ಪ್ರಕಾರ 1948ಕ್ಕಿಂತ ಮೊದಲು ಕಟ್ಟಿದ ಕಟ್ಟಡಗಳ ಬಾಡಿಗೆಯನ್ನು ಮನಬಂದಂತೆ ಏರಿಸುವ ಹಾಗಿರಲಿಲ್ಲ. ಕೊಪಿತಿಯಾಮ್ ಮಾಲೀಕನಿಗೆ ಕಟ್ಟಡ ಅಗ್ಗ, ಅವನಿಂದ ಗಾಡಿಯವರಿಗೆ ಜಾಗ ಅಗ್ಗ, ಅವರಿಂದ ನಮಗೆ ಬೋಗುಣಿ ಅಗ್ಗ. ಆ ಕಾಯ್ದೆ 2000ದ ಜನವರಿ 1ರಂದು ಕೊನೆಗೊಂಡಿತು. ಲೋಕವೆಲ್ಲ ಹೊಸ ಸಹಸ್ರಮಾನಕ್ಕೆ ಪಟಾಕಿ ಹಾರಿಸುತ್ತಿದ್ದ ವಾರ ಆ ಬೀದಿಗಳಲ್ಲಿ ಜನ ಸಾಮಾನು ಕಟ್ಟುತ್ತಿದ್ದರು. ಮೂರು ತಲೆಮಾರಿನಿಂದ ಒಂದೇ ಮನೆಯಲ್ಲಿದ್ದವರು ಮಂಚ, ಕಪಾಟು, ಹಿರಿಯರ ಪೂಜಾಪೀಠ ಲಾರಿಗೇರಿಸುವುದನ್ನು ನಾನು ನಿಂತು ನೋಡಿದ್ದೇನೆ. ಕಟ್ಟಡ ಬೀಳುವ ಸ್ಥಿತಿಗೆ ಬಂದರೂ ದುರಸ್ತಿಗೆ ಹಣ ಹುಟ್ಟದ ಮಾಲೀಕರ ಕಷ್ಟವೂ ಸುಳ್ಳಲ್ಲ. ಆದರೆ ಒಂದೇ ಏಟಿಗೆ ಬಾಡಿಗೆ ಹಲವು ಪಟ್ಟು ಏರಿದಾಗ ಹೊರಬಿದ್ದವರು ಬಡವರು. ನಮ್ಮ ಕೊಪಿತಿಯಾಮ್ ಚೀನೀ ಹೊಸವರ್ಷದ ರಜೆಗೆ ಮುಚ್ಚಿತು, ಮತ್ತೆ ತೆರೆಯಲಿಲ್ಲ.

ಆಂಟಿ ಊರಾಚೆಯ ಮಾರುಕಟ್ಟೆಯ ಅಂಗಳವೊಂದರಲ್ಲಿ ಗಾಡಿ ನಿಲ್ಲಿಸಿದಳು. ಸಹೋದ್ಯೋಗಿ ಹುಡುಕಿ ಪತ್ತೆ ಹಚ್ಚಿದ. ನಾವು ಅಲ್ಲಿಗೂ ಹೋದೆವು. ಬೋಗುಣಿಗೆ ಕೆಲವು ಸೆನ್ ಹೆಚ್ಚಾಗಿತ್ತು. ಸಾರು ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಹಾಗೆ ನೋಡಿದರೆ ಮಾರುಕಟ್ಟೆಯ ಬಳಿಯ ಬಯಲು ಕರಿ ಮೀಗೆ ಹೊಸತೇನಲ್ಲ. ಕೆಕ್ ಲೊಕ್ ಸಿ ಬೌದ್ಧ ದೇವಾಲಯದ ಬೆಟ್ಟದ ಬುಡದಲ್ಲಿ ಆಯೆರ್ ಇತಾಮ್ ಮಾರುಕಟ್ಟೆ ಇದೆ. ಅಲ್ಲಿ ಅಕ್ಕತಂಗಿಯರಿಬ್ಬರು 1940ರ ದಶಕದಿಂದ, ಗಿಡ್ಡ ಮಣೆಯ ಮೇಲೆ ಕೂತು, ಇದ್ದಿಲ ಒಲೆಯಲ್ಲಿ ಕರಿ ಮೀ ಮಾಡುತ್ತಾ ತೊಂಬತ್ತರ ಹತ್ತಿರ ಬಂದವರು. ಅವರ ಮುಂದೆ ಸರತಿಯಲ್ಲಿ ನಿಂತು ನಾನೂ ತಿಂದಿದ್ದೇನೆ. ಆ ಇಬ್ಬರು ಬಗ್ಗಿ ಏಳುವ ರೀತಿ ನೋಡಿದರೆ ಕೈಮುಗಿಯಬೇಕೆನಿಸುತ್ತಿತ್ತು. ರುಚಿಯಲ್ಲಿ ನನ್ನ ಓಟು ಆಂಟಿಗೇ.

ಕ್ವಾಲಾಲಂಪುರದ ಕರಿ ಮೀ ಬೇರೆ ಜಾತಿ. ಅಲ್ಲಿ ಅದನ್ನು ಕರಿ ಲಕ್ಸಾ ಎಂದೂ ಕರೆಯುತ್ತಾರೆ; ಪೆನಾಂಗ್‌ನವರಿಗಾದರೋ ಲಕ್ಸಾ ಎಂದರೆ ಮುಖ್ಯವಾಗಿ ಮೀನಿನ ಹುಳಿಸಾರಿನ ನೂಡಲ್ಸ್, ಎರಡನ್ನೂ ಬೆರೆಸಿ ಮಾತಾಡಿದರೆ ಅವರು ಸಿಟ್ಟಾಗುತ್ತಾರೆ. ಕ್ವಾಲಾಲಂಪುರದಲ್ಲಿ ಸಾರೇ ಕಿತ್ತಳೆಗೆಂಪು, ಕೋಳಿ, ಬದನೆ, ಅಲಸಂದೆ, ಕರಿಬೇವು ಎಲ್ಲ ಅದರಲ್ಲೇ. ಪೆಟಾಲಿಂಗ್ ಸ್ಟ್ರೀಟ್ ಪಕ್ಕದ ಮದ್ರಾಸ್ ಲೇನಿನಲ್ಲಿ ಸಾಲಾಗಿ ಕರಿ ಲಕ್ಸಾ ಗಾಡಿಗಳಿವೆ. ಕರಿಬೇವಿನ ಘಮಕ್ಕೆ ನನ್ನ ಮನಸ್ಸು ಕರಗುತ್ತದೆ, ಸುಳ್ಳು ಹೇಳಲಾರೆ. ಆದರೆ ಅಲ್ಲಿ ಖಾರ ಮೊದಲೇ ಕಲಸಿ ಬರುತ್ತದೆ, ಸಾರನ್ನು ಬೇರೆಯಾಗಿ ಕಾಣಲು ಬಿಡುವುದಿಲ್ಲ. ಪೆನಾಂಗ್‌ನದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೆಲಸ ಮುಗಿದು ನಾನು ಊರಿಗೆ ಮರಳಿದೆ. ಆಮೇಲೆ ಜಾರ್ಜ್‌ಟೌನ್‌ಗೆ ಜಗತ್ತಿನ ಕಣ್ಣು ಬಿತ್ತು. 2008ರ ಜುಲೈಯಲ್ಲಿ ಮಲಾಕ್ಕಾದ ಜತೆಗೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಕೊಪಿತಿಯಾಮ್‌ಗಳಿದ್ದ ಕಟ್ಟಡಗಳು ಬಣ್ಣ ಬಳಿಸಿಕೊಂಡು ಹೋಟೆಲುಗಳಾದವು. ಕರಿ ಮೀ ಪೊಟ್ಟಣ ಸೇರಿತು: ಮೈಕುವಾಲಿ ಎಂಬ ಪೆನಾಂಗ್ ಬ್ರಾಂಡಿನ ದಿಢೀರ್ ಬಿಳಿ ಕರಿ ನೂಡಲ್ಸ್ 2014ರಲ್ಲಿ ಅಮೆರಿಕದ ರಾಮೆನ್ ರೇಟರ್ ಎಂಬ ವಿಮರ್ಶಕನ ಪಟ್ಟಿಯಲ್ಲಿ ಜಗತ್ತಿಗೇ ಮೊದಲ ಸ್ಥಾನ ಪಡೆಯಿತು. ಪರಿಚಯದವರು ತಂದುಕೊಟ್ಟ ಪೊಟ್ಟಣವನ್ನು ನಾನೂ ಮಂಗಳೂರಿನಲ್ಲಿ ಮಾಡಿ ತಿಂದೆ. ಮೆಣಸಿನ ಗೊಜ್ಜಿಗೆ ಬೇರೆ ಪೊಟ್ಟಣ ಕೊಟ್ಟಿದ್ದಾರೆ, ಆ ಮರ್ಯಾದೆಯನ್ನು ಮೆಚ್ಚಬೇಕು. ಪುಡಿಯ ತೆಂಗಿನಹಾಲು ಮಾತ್ರ ಪುಡಿಯದೇ.

2016ರಲ್ಲಿ ಮತ್ತೆ ಪೆನಾಂಗ್‌ಗೆ ಹೋದಾಗ ಎಲ್ಲರ ಬಾಯಲ್ಲಿ ಒಂದು ಹೊಸ ನಿಯಮದ ಮಾತು. ಬೀದಿಬದಿಯ ಗಾಡಿಗಳಲ್ಲಿ ಪೆನಾಂಗ್‌ನ ಹೆಸರಾಂತ ತಿಂಡಿಗಳನ್ನು ವಿದೇಶಿ ಕೆಲಸಗಾರರು ಅಡುಗೆಯವರಾಗಿ ಮಾಡಕೂಡದೆಂದು ರಾಜ್ಯ ಸರ್ಕಾರ ಆ ವರ್ಷದಿಂದ ಕಟ್ಟಳೆ ತಂದಿತ್ತು. ಪಟ್ಟಿಯಲ್ಲಿ ಕರಿ ಮೀಯೂ ಇತ್ತು. ಮಕ್ಕಳು ಸಿಂಗಪುರಕ್ಕೋ ಕಾರ್ಖಾನೆಗೋ ಹೋಗಿ, ಗಾಡಿ ನಡೆಸಲು ಆಳು ಸಿಗದೆ, ಮ್ಯಾನ್ಮಾರ್, ಇಂಡೊನೇಷ್ಯಾದವರನ್ನು ಇಟ್ಟುಕೊಂಡವರು ಬಹಳ ಇದ್ದರು. ರುಚಿ ಕೆಡುತ್ತದೆಂಬುದು ಸರ್ಕಾರದ ಆತಂಕ. ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಈ ಬೋಗುಣಿಯಲ್ಲಿ ಹೊರಗಿನಿಂದ ಬಾರದ್ದು ಏನಿದೆ? ಕೆಟ್ಟ ಸಾರಿಗೆ ಕಾರಣ ಅಡುಗೆಯವನ ಪಾಸ್‌ಪೋರ್ಟ್ ಅಲ್ಲ. ಎಣ್ಣೆ ಬಿಡುವ ತನಕ ಕಾಯದ ಕೈ ಕಾರಣ. ಕಾಯುವುದನ್ನು ಕಲಿಸುವ ಹಿರಿಯರು, ಕಲಿತವರಿಗೆ ಹೊಟ್ಟೆ ತುಂಬುವಷ್ಟು ಸಂಪಾದನೆ, ನಿಲ್ಲಲು ಕೈಗೆಟಕುವ ಬಾಡಿಗೆಯ ಜಾಗ, ಈ ಮೂರಿದ್ದರೆ ಸಾರು ಉಳಿಯುತ್ತದೆ. ಬೇರೆ ಯಾವ ಕಟ್ಟಳೆಯೂ ಅದನ್ನು ಉಳಿಸದು.

ಆ ಸಲ ಹೋದಾಗ ಆಂಟಿ ಗಾಡಿಯ ಹಿಂದೆ ಸ್ಟೂಲಿನ ಮೇಲೆ ಕೂತಿದ್ದಳು. ಸೌಟು ಹಿಡಿದಿದ್ದವಳು ಸೊಸೆ. ಬಯಾನ್ ಲೆಪಾಸ್‌ನ ಕಾರ್ಖಾನೆಯೊಂದರಲ್ಲಿ ಬಹಳ ವರ್ಷ ಪಾಳಿಯಲ್ಲಿ ದುಡಿದವಳು. ಅಲ್ಲಿ ಕೆಲಸಗಾರರನ್ನು ಕಡಿಮೆ ಮಾಡಿದಾಗ ಅತ್ತೆಯ ಬಳಿ ಬಂದು ಕಲಿತಳಂತೆ. ಒಲೆ ಗ್ಯಾಸಿನದಾಗಿತ್ತು. ಇದ್ದಿಲಿನ ಬೆಲೆ, ಬೂದಿ, ಹೊಗೆಯ ದೂರು, ಎಲ್ಲವನ್ನೂ ಆಕೆ ಕಾರಣವಾಗಿ ಹೇಳಿದಳು, ಎಲ್ಲವೂ ಸರಿಯಾದ ಕಾರಣಗಳೇ. ನೂಡಲ್ಸ್ ಮುಳುಗಿಸಿ ಎತ್ತುವಾಗ, ಸಾರು ಸುರಿದು ಬಸಿಯುವಾಗ ಅತ್ತೆಯ ಕಣ್ಣು ಸೊಸೆಯ ಕೈಮೇಲೇ ಇತ್ತು. ನಾನು ಗೊಜ್ಜು ಮುಟ್ಟದೆ ಮೊದಲ ಚಮಚ ಸಾರು ಕುಡಿದೆ. ತೆಂಗಿನ ಸಿಹಿ ಇತ್ತು, ಮಜ್ಜಿಗೆಹುಲ್ಲಿತ್ತು, ಬೆಲಾಚಾನ್ ತನ್ನ ಜಾಗದಲ್ಲೇ ಇತ್ತು. ಮೊದಲಿಗಿಂತ ಒಂದಿಷ್ಟು ತೆಳು, ಅಷ್ಟೇ. ಚೆನ್ನಾಗಿದೆ ಎಂದು ಹೇಳಿದೆ. ಅದು ಸೊಸೆಗೆ ಸಲ್ಲಬೇಕಾದ ಮಾತೇ ಆಗಿತ್ತು.

ಈಗ ಬೆಂಗಳೂರಿನಿಂದ ಕ್ವಾಲಾಲಂಪುರಕ್ಕೆ ನೇರ ವಿಮಾನವಿದೆ, ಅಲ್ಲಿಂದ ಬಟರ್‌ವರ್ತ್‌ಗೆ ರೈಲು, ಆಮೇಲೆ ಹಡಗು ಹತ್ತಿದರೆ ಜಾರ್ಜ್‌ಟೌನ್. ಹೋದವರು ಹೋಟೆಲಿನ ತಿಂಡಿ ಬಿಟ್ಟು ಒಂದು ಬೆಳಗ್ಗೆ ಕರಿ ಮೀ ತಿನ್ನಿ. ಒಂಬತ್ತರೊಳಗೆ ಹೋಗಿ, ಹನ್ನೊಂದರ ಹೊತ್ತಿಗೆ ಪಾತ್ರೆ ಖಾಲಿಯಾಗಿರುತ್ತದೆ. ಚಿಲ್ಲರೆ ನೋಟು ಜೇಬಿನಲ್ಲಿರಲಿ. ರಕ್ತದ ತುಂಡು ಬೇಡವಾದರೆ ಮೊದಲೇ ಹೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಮಾಂಸ, ಮೀನು ಮುಟ್ಟದವರಿಗೆ ಈ ಬೋಗುಣಿ ಅಲ್ಲ, ಸಾರಿನಲ್ಲೇ ಸಿಗಡಿ ಇದೆ. ಉಳಿದವರು ಮೆಣಸಿನ ಗೊಜ್ಜಿಗೆ ಕೈಹಾಕುವ ಮೊದಲು ಒಂದು ಚಮಚ ಬರೀ ಸಾರು ಕುಡಿಯಿರಿ. ಅದು ಹಿಡಿಸಿದರೆ ಮಾಡಿದವರಿಗೆ ಅಲ್ಲೇ, ಆಗಲೇ ಹೇಳಿ.